ಲಿಫ್ಟಿನ ಅತ್ತೆಯ ಖಾಲಿ ಗುಳ್ಳೆಗಳು

ಬಣ್ಣದ ಅಂಗಡಿಯಲ್ಲಿ ಕೆಲಸ ಮಾಡುವವರೆಲ್ಲ ಕಲಾವಿದರಾಗುವುದಾದರೆ ಔಷಧಿ ಅಂಗಡಿಯವರೆಲ್ಲ ಡಾಕ್ಟರಾಗಬೇಕಿತ್ತು. ಈ ಮಾತನ್ನು ಗೀಚಪ್ಪನಿಗೆ ಹೇಳಿದವರು ಒಬ್ಬಿಬ್ಬರಲ್ಲ. ಅವನಾದರೋ ಬೇರೆಯವರು ಹೇಳುವ ಮೊದಲೇ ತಾನೇ ಹೇಳಿಕೊಂಡು ನಗುವ ಅಭ್ಯಾಸ ಮಾಡಿಕೊಂಡಿದ್ದ. ಬೀಳುವ ಪೆಟ್ಟನ್ನು ತಾನೇ ಹೊಡೆದುಕೊಂಡರೆ ನೋವು ಕಡಿಮೆ ಎಂಬುದು ಅವನ ಸಿದ್ಧಾಂತ. ವಾರಕ್ಕೆ ಆರು ದಿನ ಗಿರಾಕಿಗಳು ಬೆರಳಿಟ್ಟು ತೋರಿಸಿದ ಬಣ್ಣವನ್ನು ಯಂತ್ರದಲ್ಲಿ ಕಲಸಿ, ಡಬ್ಬದ ಮುಚ್ಚಳದ ಮೇಲೆ ಅದರದೇ ಒಂದು ಬೊಟ್ಟು ಇಟ್ಟು, "ಒಣಗಿದ ಮೇಲೆ ಸ್ವಲ್ಪ ಗಾಢ ಆಗುತ್ತೆ" ಎಂದು ಹೇಳಿ ಕಳಿಸುತ್ತಿದ್ದ. ಸಂಜೆ ಆರರಿಂದ ಎಂಟರವರೆಗೆ ಚಿತ್ರಶಾಲೆ. ಅಲ್ಲಿಗೆ ಅವನು ಹೋಗುವಾಗ ಉಗುರಿನ ಸಂದಿಯಲ್ಲಿ ಯಾರದೋ ಮಲಗುವ ಕೋಣೆಯ ತಿಳಿಗುಲಾಬಿ ಇರುತ್ತಿತ್ತು. ಹೊಸಬರು ಅದನ್ನು ನೋಡಿ ಇವನು ದೊಡ್ಡ ಚಿತ್ರಕಾರನಿರಬೇಕು ಎಂದುಕೊಳ್ಳುತ್ತಿದ್ದರು. ಅವನೂ ಕೈ ತೊಳೆಯುತ್ತಿರಲಿಲ್ಲ.

ಗೀಚಪ್ಪ ಎಂದು ಹೆಸರಿಟ್ಟವಳು ಅವನ ಸೋದರತ್ತೆ. ಮೂರು ವರ್ಷದವನಿದ್ದಾಗ ಅವಳ ಕೋಣೆಯ ಹೊಸದಾಗಿ ಸುಣ್ಣ ಬಳಿದ ಗೋಡೆಯ ಮೇಲೆ ಇದ್ದಿಲಿನಿಂದ ಏನನ್ನೋ ಗೀಚಿದ್ದನಂತೆ.

"ಇದೇನೋ ಇದು?"

"ನೀನು."

"ಅಯ್ಯೋ, ನನಗೆ ಕೈಯೇ ಇಲ್ವಲ್ಲೋ!"

"ಆಮೇಲೆ ಹಾಕ್ತೀನಿ."

ಆ ಕೈ ಇವತ್ತಿಗೂ ಬಂದಿಲ್ಲ. ಗೋಡೆಗೆ ಆರೇಳು ಸಲ ಸುಣ್ಣವಾಯಿತು. ಆದರೆ 'ಆಮೇಲೆ' ಎಂಬ ಪದ ಮಾತ್ರ ಗೀಚಪ್ಪನ ನಾಲಿಗೆಯಲ್ಲಿ ಮನೆ ಮಾಡಿಕೊಂಡು ಕೂತುಬಿಟ್ಟಿತು.

ಚಿತ್ರಶಾಲೆಯ ಕೊನೆಯ ವರ್ಷಕ್ಕೆ ಒಂದು ಪ್ರಾಜೆಕ್ಟ್. ಹದಿನಾರು ಪುಟದ ಕಾಮಿಕ್ಸ್; ಕಥೆಯೂ ಸ್ವಂತದ್ದಿರಬೇಕು, ಪಾತ್ರವೂ ಸ್ವಂತದ್ದಿರಬೇಕು. ಅದಕ್ಕೂ ಮೊದಲು ಪಾತ್ರದ ಹಾಳೆ ಒಪ್ಪಿಸಬೇಕು: ಮುಂದಿನಿಂದ, ಪಕ್ಕದಿಂದ, ಹಿಂದಿನಿಂದ ಅದೇ ಮನುಷ್ಯ, ಜೊತೆಗೆ ಆರು ಮುಖಭಾವ. ಗೀಚಪ್ಪ ಒಂದು ವಾರ ಊಟ ನಿದ್ದೆ ಬಿಟ್ಟು ಮಿಂಚುಮುಷ್ಟಿ ಎಂಬ ವೀರನನ್ನು ಸೃಷ್ಟಿಸಿದ. ಎದೆ ಬಾಗಿಲಿನಷ್ಟು ಅಗಲ, ಸೊಂಟ ಬಾಗಿಲ ಚಿಲಕದಷ್ಟು. ಮೇಷ್ಟ್ರು ಹಾಳೆಯನ್ನು ದೂರ ಹಿಡಿದು ನೋಡಿದರು, ಹತ್ತಿರ ಹಿಡಿದು ನೋಡಿದರು.

"ಇವನ ಅಮ್ಮ ಏನ್ ಕೆಲಸ ಮಾಡ್ತಾರೆ?"

"ಯಾರಮ್ಮ ಸಾರ್?"

"ಇವನದೇ ಕಣಯ್ಯಾ, ಈ ಗುದ್ದಪ್ಪಂದು."

"ಅದು... ಇವನಿಗೆ ಅಮ್ಮ ಇಲ್ಲ ಸಾರ್."

"ಹೋಗ್ಲಿ, ಬೆಳಿಗ್ಗೆ ಎದ್ದು ಮೊದಲು ಏನ್ ಮಾಡ್ತಾನೆ?"

ಗೀಚಪ್ಪ ಯೋಚಿಸಿದ. "ಹಾರ್ತಾನೆ ಸಾರ್."

ತರಗತಿ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು ನಗಲಿಲ್ಲ. "ಆರು ಮುಖ ಬರ್ದಿದ್ದೀಯ, ಆರರಲ್ಲೂ ಹಲ್ಲುನೋವು ಬಂದೋನ ಥರ ಇದ್ದಾನೆ. ಗೊತ್ತಿಲ್ದೋರನ್ನ ಯಾಕಯ್ಯಾ ಬರೀತೀಯ? ಕಣ್ಣು ಮುಚ್ಚಿದ್ರೂ ಕಾಣೋರು ಯಾರಾದ್ರೂ ಇರ್ತಾರಲ್ಲ, ಅವರನ್ನ ಹಿಡ್ಕೊಂಡು ಬಾ."

ಗೀಚಪ್ಪ ಅಲ್ಲೇ ಕಣ್ಣು ಮುಚ್ಚಿದ. ಕಾಣುವುದಕ್ಕಿಂತ ಮೊದಲು ಕೇಳಿಸಿತು. ಅತ್ತೆಯ ದನಿ.

ಅತ್ತೆ ಲಿಫ್ಟ್ ನಡೆಸುವವಳು. ನೆಲ ಸೇರಿ ಏಳು ಮಹಡಿಯ ಹಳೆಯ ಕಚೇರಿ ಕಟ್ಟಡ, ಎಳೆದು ಮುಚ್ಚುವ ಕಬ್ಬಿಣದ ಜಾಲರಿ ಬಾಗಿಲು, ಮೂಲೆಯಲ್ಲೊಂದು ಸ್ಟೂಲು. ಆ ಸ್ಟೂಲು ಮೊದಲು ಮಾವನದಾಗಿತ್ತು. ಮದುವೆಯಾದ ಐದನೇ ವರ್ಷ ಮಾವ ಜ್ವರವೆಂದು ಮಲಗಿದವನು ಮತ್ತೆ ಏಳಲಿಲ್ಲ. ಕಟ್ಟಡದ ಮ್ಯಾನೇಜರು ಕನಿಕರಪಟ್ಟು ಅವನ ಕೆಲಸವನ್ನು ಹೆಂಡತಿಗೆ ಕೊಟ್ಟರು. ಅಲ್ಲಿಯವರೆಗೆ ಅತ್ತೆ ಒಂದನೇ ಮಹಡಿಗಿಂತ ಮೇಲೆ ಹತ್ತಿದವಳಲ್ಲ. ಸ್ಟೂಲಿನ ಮೇಲೆ ಕೂತರೆ ಕಾಲು ಎಟುಕುತ್ತಿರಲಿಲ್ಲ. ಬಡಗಿಗೆ ಹೇಳಿ ಅದರ ಕಾಲುಗಳನ್ನು ನಾಲ್ಕು ಬೆರಳಷ್ಟು ಕೊಯ್ಯಿಸಿದಳು.

"ಹೆದರಿಕೆ ಆಗ್ತಿತ್ತು ಕಣೋ," ಎಂದು ಒಮ್ಮೆ ಹೇಳಿದ್ದಳು. "ಅಷ್ಟು ಚಿಕ್ಕ ಡಬ್ಬ. ಒಳಗೆ ಗೊತ್ತಿಲ್ಲದ ಗಂಡಸರು, ಎಲ್ಲಾ ಬಾಯಿ ಮುಚ್ಕೊಂಡು ನನ್ನ ಬೆನ್ನೇ ನೋಡೋರು. ಒಂದಿನ ತಡೀಲಾರದೆ ಮಾತಾಡ್ಬಿಟ್ಟೆ. ಮಾತಾಡ್ತಿದ್ರೆ ಬೆನ್ನು ನೋಡಲ್ಲ, ಬಾಯಿ ನೋಡ್ತಾರೆ. ಆಮೇಲೆ ಅದೇ ಚಟ ಆಯ್ತು."

ಇಪ್ಪತ್ತೆಂಟು ವರ್ಷದ ಚಟ. "ಮೇಲಕ್ಕಾ?" ಎಂದು ಆತುರದಿಂದ ನುಗ್ಗಿದವರಿಗೆ "ಮೇಲಕ್ಕೆ ಎಲ್ಲರೂ ಒಂದಿನ ಹೋಗೋದೇ ಸಾರ್, ಕಾಲು ಒಳಗಿಟ್ಕೊಳ್ಳಿ" ಎನ್ನುವಳು. ಹೊಟ್ಟೆಯ ಸಾಹೇಬರು ಬಂದರೆ "ನಿಮಗೆ ಜಾಗ ಇದೆ ಸಾರ್, ಬ್ಯಾಗಿಗಿಲ್ಲ." ಜನ ಅವಳನ್ನು ಲಿಫ್ಟಮ್ಮ ಎನ್ನುತ್ತಿದ್ದರು, ಮೆಟ್ಟಿಲು ಹತ್ತುವ ಕಸುವಿದ್ದವರೂ ಅವಳ ಮಾತಿಗೋಸ್ಕರ ಕಾದು ನಿಲ್ಲುತ್ತಿದ್ದರು.

ಅವಳ ಮಾತಿಗೆ ಒಂದು ಅಳತೆ ಇತ್ತು. ಎರಡನೇ ಮಹಡಿಗೆ ಹೋಗುವವರಿಗೆ ಎರಡು ಮಹಡಿಯ ಮಾತು. ಆರನೆಯದಕ್ಕೆ ಹೋಗುವವರಿಗೆ ಏರಿಳಿತ ತಿರುವು ಎಲ್ಲ ಇರುವ ಪೂರ್ತಿ ಕಥೆ. ಬಾಗಿಲು ತೆರೆಯುವುದಕ್ಕೂ ನಗು ಒಡೆಯುವುದಕ್ಕೂ ಸರಿಹೋಗಬೇಕು. ಮನೆಯಲ್ಲಿ ಯಾರಾದರೂ ಉದ್ದಕ್ಕೆ ಕೊರೆಯತೊಡಗಿದರೆ ಅವಳು ಸುಮ್ಮನೆ ಬೆರಳೆತ್ತಿ ತೋರಿಸುವಳು. ಎರಡು ಬೆರಳೆಂದರೆ 'ಇದು ಎರಡು ಮಹಡಿ ವಿಷಯ, ಆರಕ್ಕೆ ಎಳೀಬೇಡ' ಎಂದರ್ಥ. ಗೀಚಪ್ಪನಿಗೆ ಬಾಲ್ಯದಿಂದ ಎರಡಕ್ಕಿಂತ ಹೆಚ್ಚು ಬೆರಳು ಸಿಕ್ಕಿದ್ದಿಲ್ಲ.

"ನನ್ನನ್ನಾ? ಕಾಮಿಕ್ಸಲ್ಲಾ?" ಸುದ್ದಿ ಕೇಳಿ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡಳು, ಈಗಲೇ ಬರೆಯಲು ಕೂತನೋ ಎಂಬಂತೆ. "ಹಾರಬೇಕೇನೋ?"

"ಬೇಡ, ಕೂತಿದ್ರೆ ಸಾಕು."

"ಕೂತೇ ದುಡಿದು ತಿಂದೋಳು, ಅದೇನ್ ಕಷ್ಟ. ಮೂಗು ಒಂಚೂರು ಚಿಕ್ಕದು ಮಾಡು."

"ಪಾತ್ರದ ಹಾಳೇಲಿ ಸುಳ್ಳು ಹೇಳೋ ಹಾಗಿಲ್ಲ ಅತ್ತೆ."

"ಓಹೋ, ಸತ್ಯವಂತ. ಹಾಗಾದ್ರೆ ಮಾತೂ ನನ್ನವೇ ಇರ್ಲಿ. ನಿನ್ನ ಬುದ್ಧಿಯಿಂದ ಒಂದಕ್ಷರ ಸೇರಿಸಿದ್ರೆ ನೋಡು. ಭಾನುವಾರ ಬಾ. ನಾನು ಹೇಳ್ತೀನಿ, ನೀನು ಬರ್ಕೋ."

"ಬರ್ತೀನಿ."

ಪಾತ್ರದ ಹಾಳೆಗೆ ಮೇಷ್ಟ್ರು ಮೊದಲ ಸಲ ತಲೆಯಾಡಿಸಿದರು. ಮುಂದಿನಿಂದ ಅತ್ತೆ, ಪಕ್ಕದಿಂದ ಅತ್ತೆ, ಹಿಂದಿನಿಂದ ಅತ್ತೆಯ ತುರುಬು. ಕಥೆಯೂ ಸಿಕ್ಕಿತು: ಒಂದು ಪುಟಕ್ಕೆ ಒಂದು ಪ್ರಯಾಣ, ಏಳು ಮಹಡಿಗೆ ಏಳು ಅಡ್ಡ ಚೌಕ. ಗೀಚಪ್ಪ ಹೆಮ್ಮೆಯಿಂದ ಮೂರು ಪುಟ ಬರೆದೇಬಿಟ್ಟ. ಲಿಫ್ಟ್ ಕೆಳಗಿನಿಂದ ಮೇಲಕ್ಕೆ ಹೋಗುತ್ತದಲ್ಲ, ಹಾಗಾಗಿ ಅವನ ಕಥೆ ಪುಟದ ತಳದಲ್ಲಿ ಶುರುವಾಗಿ ನೆತ್ತಿಯಲ್ಲಿ ಮುಗಿಯುತ್ತಿತ್ತು.

"ಜನ ಮೇಲಿಂದ ಕೆಳಕ್ಕೆ ಓದ್ತಾರಯ್ಯಾ," ಎಂದರು ಮೇಷ್ಟ್ರು. "ಇದನ್ನ ಓದೋಕೆ ತಲೆಕೆಳಗಾಗಿ ನಿಲ್ಲಬೇಕಾ?"

ಹೀಗಾಗಿ ಹದಿನಾರೂ ಪುಟದಲ್ಲಿ ಲಿಫ್ಟ್ ಇಳಿಯುವುದೆಂದು ತೀರ್ಮಾನವಾಯಿತು. ಅತ್ತೆಗೆ ಹೇಳಿದಾಗ ಗಂಟಲು ಸರಿ ಮಾಡಿಕೊಂಡು, "ಅಂದ್ರೆ ನಾನು ಬರೀ ಇಳಿಯೋದೇನೋ?" ಎಂದು ನಕ್ಕಳು. ನಗು ಕೆಮ್ಮಾಯಿತು.

ಮೇಷ್ಟ್ರು ಇನ್ನೊಂದು ಪಾಠವನ್ನು ಹಲಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿದ್ದರು: ಮೊದಲು ಮಾತು, ಆಮೇಲೆ ಗುಳ್ಳೆ. ಪಾತ್ರಗಳ ಬಾಯಿಂದ ಹೊರಡುವ ಆ ಬಿಳಿ ಗುಳ್ಳೆಯೊಳಗೆ ನಮ್ಮ ಅಕ್ಷರಗಳು ಸುಲಭವಾಗಿ ಕೂರುವವಲ್ಲ. ಒತ್ತಕ್ಷರಗಳು ಕೆಳಗೆ ಕಾಲು ಚಾಚುತ್ತವೆ, ಕೊಂಬುಗಳು ಪಕ್ಕದ ಮನೆಗೆ ನುಗ್ಗುತ್ತವೆ. ಆದ್ದರಿಂದ ಮಾತನ್ನು ಮೊದಲು ಬರೆದು ಅದರ ಸುತ್ತ ಗುಳ್ಳೆ ಎಳೆಯಬೇಕು. ಗೀಚಪ್ಪ ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಎರಡು ಸಲ ಅಡಿಗೆರೆ ಎಳೆದು, ಮನೆಗೆ ಹೋಗಿ ನೂರಹನ್ನೆರಡು ಖಾಲಿ ಗುಳ್ಳೆ ಬರೆದ. ಅತ್ತೆಯ ಮಾತಿನ ಅಳತೆ ತನಗೆ ಗೊತ್ತಿಲ್ಲವೇ? ಅತ್ತೆಯ ಮಾತು ತಾನೇ, ಎಲ್ಲಿಗೆ ಓಡಿಹೋಗುತ್ತೆ? ಆಮೇಲೆ ತುಂಬಿದರಾಯಿತು.

ಗುಳ್ಳೆಗಳಲ್ಲಿ ಅವನೊಂದು ಕೈಚಳಕ ತೋರಿಸಿದ್ದ. ಆ ತಿಂಗಳುಗಳಲ್ಲಿ ಅತ್ತೆಯ ದನಿ ಒಡೆದಿತ್ತು. ಜಾಲರಿ ಬಾಗಿಲು ಎಳೆದ ಹಾಗೆ ಕರಕರ. "ಗಂಟಲಿಗೂ ಗ್ರೀಸ್ ಹಾಕಿಸ್ಬೇಕು," ಎನ್ನುತ್ತ ಬಿಸಿನೀರು ಕುಡಿಯುವಳು. ಗೀಚಪ್ಪನ ಕಿವಿ ಸೂಕ್ಷ್ಮ, ತಕ್ಷಣ ಹಿಡಿಯಿತು. ಕಾಮಿಕ್ಸಿನ ಗುಳ್ಳೆಗೆ ಸಾಮಾನ್ಯವಾಗಿ ನುಣುಪು ಅಂಚು, ಅತ್ತೆಯ ಗುಳ್ಳೆಗೆ ಮಾತ್ರ ಸುತ್ತ ಮುಳ್ಳು ಮುಳ್ಳು. ತಿಂಗಳಿಂದ ತಿಂಗಳಿಗೆ ದನಿ ಕೆಟ್ಟಂತೆ ಪುಟದಿಂದ ಪುಟಕ್ಕೆ ಮುಳ್ಳೂ ಚೂಪಾಯಿತು. "ಆಹಾ, ಇದನ್ನ ಗಮನಿಸಿದ್ದೀಯಲ್ಲ!" ಎಂದು ಮೇಷ್ಟ್ರು ತರಗತಿಗೆಲ್ಲ ಎತ್ತಿ ತೋರಿಸಿದರು. ಗೀಚಪ್ಪ ಆ ದಿನ ಮನೆಗೆ ನಡೆದು ಹೋಗಲಿಲ್ಲ, ಮಿಂಚುಮುಷ್ಟಿಯ ಹಾಗೆ ಹಾರಿಕೊಂಡು ಹೋದ.

'ಆಮೇಲೆ' ಎನ್ನುತ್ತಲೇ ತಿಂಗಳುಗಳು ಕಳೆದವು; ಕೊನೆಗೆ ಅತ್ತೆಯೇ ಮತ್ತೆ ಭಾನುವಾರಕ್ಕೆ ಕರೆದಳು. ಆ ಮೊದಲ ಭಾನುವಾರ ಅಂಗಡಿಯಲ್ಲಿ ಡಬ್ಬ ಎಣಿಸುವ ಕೆಲಸವಿತ್ತು. ಎರಡನೆಯ ಭಾನುವಾರ ಅತ್ತೆಯ ತುರುಬಿಗೆ ಶಾಯಿ ಹಾಕುತ್ತ ಕೂತ. ಒಂದೊಂದು ಕೂದಲೂ ಬೇರೆ ಬೇರೆ ಬರಬೇಕೆಂಬ ಹಟ. ಹಾಳೆಯ ಮೇಲಿನ ಅತ್ತೆಗಾಗಿ ಮನೆಯಲ್ಲಿರುವ ಅತ್ತೆಯ ಬಳಿ ಹೋಗಲಾಗಲಿಲ್ಲ. ಮೂರನೆಯ ಭಾನುವಾರಕ್ಕೆ ಅಂಥ ಗೌರವದ ಕಾರಣವೂ ಇಲ್ಲ. ಗೆಳೆಯರ ಜೊತೆ ಸಿನಿಮಾ.

"ನಿಮ್ಮತ್ತೆ ಸಿಕ್ಕಿದ್ರು," ಎಂದಳು ಅಮ್ಮ, ಅನ್ನ ಬಡಿಸುತ್ತ. "ಈ ಭಾನುವಾರನಾದ್ರೂ ತಪ್ಪದೆ ಬಾ ಅಂದ್ರು. ಪುಸ್ತಕ ತಗೊಂಡು."

"ಹೂಂ ಅಮ್ಮ, ಹೋಗ್ತೀನಿ."

"ಹೂಂ ಅಲ್ಲ. ಹೋಗು." ಅಮ್ಮ ಬಡಿಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. ಇನ್ನೇನೋ ಹೇಳುವವಳಿದ್ದಳು. ಸೌಟು ಪಾತ್ರೆಗೆ ಬಡಿದು ಒಳಗೆ ಹೋದಳು.

ಆ ನಾಲ್ಕನೆಯ ಭಾನುವಾರ ಗೀಚಪ್ಪ ಹೊರಟಿದ್ದ. ದೇವರಾಣೆ ಹೊರಟಿದ್ದ. ದಾರಿಯಲ್ಲಿ ಕಾಗದದಂಗಡಿ ತೆರೆದಿತ್ತು, ಹೊಸ ನಿಬ್ಬು ಬಂದಿತ್ತು. ಪರೀಕ್ಷಿಸಿ ನೋಡುವಷ್ಟರಲ್ಲಿ ಸಂಜೆಯಾಯಿತು. ಗುರುವಾರ ಅಂಗಡಿಗೆ ರಜೆ ಹಾಕಿ ಹೋದರಾಯಿತು ಎಂದುಕೊಂಡ.

ಬುಧವಾರ ಬೆಳಿಗ್ಗೆ ಅಮ್ಮ ಅವನನ್ನು ತಟ್ಟಿ ಎಬ್ಬಿಸಿದಳು. ಅತ್ತೆ ಆಸ್ಪತ್ರೆಯಲ್ಲಿದ್ದಾಳೆ. ಗಂಟಲಲ್ಲಿ ಗಡ್ಡೆ, ಕೆಟ್ಟದ್ದು. ಇವತ್ತು ಹತ್ತು ಗಂಟೆಗೆ ಆಪರೇಷನ್, ದನಿಪೆಟ್ಟಿಗೆಯನ್ನೇ ತೆಗೆಯುತ್ತಾರೆ. ಅತ್ತೆಗೆ ಇದು ಗೊತ್ತಾಗಿ ಐದು ವಾರವಾಗಿತ್ತು. ಅಮ್ಮನಿಗೆ ಹತ್ತು ದಿನದ ಹಿಂದೆ ಹೇಳಿ ಬಾಯಿಗೆ ಬೀಗ ಹಾಕಿಸಿದ್ದಳು. "ಹೇಳಿದ್ರೆ ಅಳ್ತಾ ಬರ್ತಾನೆ. ಅಳೋನ ಮುಂದೆ ತಮಾಷೆ ಹೇಳೋಕಾಗುತ್ತಾ? ತಾನಾಗೇ ಬರ್ಲಿ" ಎಂದಿದ್ದಳಂತೆ.

ಗೀಚಪ್ಪ ಓಡಿದ. ನಾಲ್ಕನೇ ಮಹಡಿಯ ವಾರ್ಡಿನಿಂದ ಆಗಲೇ ಅವಳನ್ನು ತಳ್ಳುಮಂಚದಲ್ಲಿ ಹೊರಗೆ ತಂದಿದ್ದರು. ಹಸಿರು ನಿಲುವಂಗಿಯಲ್ಲಿ ಅತ್ತೆ ಅವನ ಪಾತ್ರದ ಹಾಳೆಯ ಯಾವ ಕಡೆಯಿಂದಲೂ ಅತ್ತೆಯಂತೆ ಕಾಣಲಿಲ್ಲ. ಲಿಫ್ಟಿನೊಳಗೆ ಮಂಚದ ಪಕ್ಕ ಅವನಿಗೂ ಜಾಗವಾಯಿತು. ಆಪರೇಷನ್ ಕೋಣೆ ಎರಡನೇ ಮಹಡಿಯಲ್ಲಿ.

ಅತ್ತೆ ಮಲಗಿದಲ್ಲಿಂದಲೇ ಲಿಫ್ಟಿನವನನ್ನು ನೋಡಿದಳು. "ಎಷ್ಟು ವರ್ಷ ಆಯ್ತಣ್ಣಾ?"

"ಹನ್ನೊಂದಮ್ಮ."

"ಸ್ಟೂಲಿನ ಕಾಲು ಕೊಯ್ಸಿ. ಬೆನ್ನು ಉಳಿಯುತ್ತೆ." ಆಮೇಲೆ ಕಣ್ಣು ಹೊರಳಿಸಿದಳು. "ಗೀಚಪ್ಪಾ, ಪುಸ್ತಕ ತಂದಿದ್ದೀಯಾ?"

"ಇಲ್ಲ ಅತ್ತೆ. ಅತ್ತೆ, ನಂಗೆ ಗೊತ್ತೇ..."

"ಹೋಗ್ಲಿ ಬಿಡು. ಎರಡೇ ಮಹಡಿ. ಇಷ್ಟರೊಳಗೆ ಯಾವ ಕಥೆನೂ ಹಿಡಿಸಲ್ಲ."

ಬಾಗಿಲು ತೆರೆಯಿತು.

ಎರಡು ವಾರದ ಮೇಲೆ ಅತ್ತೆ ಮನೆಗೆ ಬಂದಳು. ಕೊರಳಿನ ಕೆಳಗೆ ಒಂದು ತೂತು. ಉಸಿರು ಅಲ್ಲಿಂದಲೇ ಹೋಗಿ ಬರುತ್ತಿತ್ತು, ಸಣ್ಣ ಶಿಳ್ಳೆಯ ಹಾಗೆ. ಗಂಟಲಿಗೆ ಒತ್ತಿಕೊಂಡು ಮಾತಾಡುವ ಯಂತ್ರವನ್ನು ಆಸ್ಪತ್ರೆಯವರು ತೋರಿಸಿದರು. ಒಮ್ಮೆ ಒತ್ತಿ ನೋಡಿ, ತಗಡಿನ ಡಬ್ಬದೊಳಗೆ ದುಂಬಿ ಸಿಕ್ಕಿಕೊಂಡಂಥ ಆ ಸದ್ದು ಕೇಳಿ, ಹಿಂದಕ್ಕೆ ಕೊಟ್ಟಳು. ಮಕ್ಕಳ ಸ್ಲೇಟು ತರಿಸಿಕೊಂಡಳು. ನಾಲ್ಕನೇ ತರಗತಿಯವರೆಗೆ ಓದಿದ್ದ ಅತ್ತೆಯ ಅಕ್ಷರಗಳು ಒಂದೊಂದೂ ಕಿತ್ತಳೆಯಷ್ಟು ದಪ್ಪ. ಒಂದು ವಾಕ್ಯಕ್ಕೆ ಸ್ಲೇಟು ಎರಡು ಸಲ ಒರೆಸಬೇಕು.

ಪ್ರಾಜೆಕ್ಟ್ ಒಪ್ಪಿಸಲು ಹನ್ನೆರಡು ದಿನ ಉಳಿದಿತ್ತು. ಗೀಚಪ್ಪ ನೆನಪನ್ನು ಕೆದಕಿ ಕೆದಕಿ ಒಂದಷ್ಟು ಗುಳ್ಳೆಗಳಲ್ಲಿ ಪೆನ್ಸಿಲಿನಲ್ಲಿ ಮಾತು ತುಂಬಿದ. ವಿಚಿತ್ರವೆಂದರೆ ಜನ ನಕ್ಕಿದ್ದು ನೆನಪಿತ್ತು, ಯಾವುದಕ್ಕೆ ನಕ್ಕರು ಎಂಬುದು ನೆನಪಿರಲಿಲ್ಲ. ಪುಟಗಳನ್ನು ಅತ್ತೆಯ ಮುಂದೆ ಹರಡಿದ. ಅವಳು ಕನ್ನಡಕ ಏರಿಸಿ ಓದಿದಳು. ಮೊದಲ ಗುಳ್ಳೆಯ ಮೇಲೆ ಬೆರಳಿಟ್ಟು ತಲೆಯಾಡಿಸಿದಳು, ಅಡ್ಡಕ್ಕೆ. ಎರಡನೆಯದಕ್ಕೂ ಅಡ್ಡಕ್ಕೆ. ಸ್ಲೇಟಿನ ಮೇಲೆ ಬರೆದಳು: ನಾನು ಹೀಗೆ ಹೇಳಲ್ಲ.

"ಮತ್ತೆ ಹೆಂಗ್ ಹೇಳ್ತಿದ್ದೆ ಅತ್ತೆ? ನೀನೇ ಬರ್ದುಬಿಡು."

ಅವಳು ಪೆನ್ಸಿಲು ಹಿಡಿದಳು. ಒಂದು ಮಾತು ಶುರು ಮಾಡಿದಳು. ಅಕ್ಷರಗಳು ಗುಳ್ಳೆ ದಾಟಿ ಅತ್ತೆಯ ಚಿತ್ರದ ಕೆನ್ನೆಯ ಮೇಲೆ ಹರಿದವು. ಒರೆಸಿದಳು. ಸಣ್ಣದಾಗಿ ಬರೆಯಲು ನೋಡಿದಳು, ಕೈ ಬರಲಿಲ್ಲ. ಪೆನ್ಸಿಲು ಇಟ್ಟು, ಪುಟಗಳನ್ನು ಸುಮ್ಮನೆ ಒಂದೊಂದಾಗಿ ತಿರುವತೊಡಗಿದಳು. ತನ್ನ ತುರುಬನ್ನು ನೋಡಿ ಹುಬ್ಬೇರಿಸಿದಳು, ಮೆಚ್ಚಿದ ಹಾಗೆ. ಹದಿನೈದನೆಯ ಪುಟದಲ್ಲಿ ನಿಂತಳು. ಗುಳ್ಳೆಯ ಅಂಚಿನ ಮೇಲೆ ಬೆರಳಾಡಿಸಿದಳು, ಚುಚ್ಚುತ್ತದೆಯೋ ಎಂದು ನೋಡುವವಳಂತೆ.

ಸ್ಲೇಟು ಎಳೆದುಕೊಂಡಳು: ಈ ಮುಳ್ಳು ಯಾಕೆ?

ಗೀಚಪ್ಪನಿಗೆ ಅಂಗಡಿಯಲ್ಲಿ ಸುಳ್ಳು ಹೇಳುವ ಅಭ್ಯಾಸ ಇಲ್ಲದಿರಲಿಲ್ಲ. ಒಣಗಿದ ಮೇಲೆ ಸರಿ ಹೋಗುತ್ತೆ, ಇನ್ನೊಂದು ಕೋಟ್ ಹೊಡೆದರೆ ಮುಚ್ಚಿಹೋಗುತ್ತೆ. ಇಲ್ಲಿ ನಿಜವೇ ಬಾಯಿಗೆ ಬಂತು.

"ಅದು... ನಿನ್ನ ದನಿ ಅತ್ತೆ. ಆಗ ಒಡ್ದಿತ್ತಲ್ಲ. ಅದನ್ನ ತೋರ್ಸೋಕೆ."

ಅತ್ತೆ ಹಿಂದಿನ ಪುಟಗಳಿಗೆ ಹೋದಳು. ಹದಿನಾಲ್ಕು, ಹತ್ತು, ಆರು, ಮೂರು. ಮೂರನೆಯ ಪುಟದಲ್ಲೂ ಸಣ್ಣ ಸಣ್ಣ ಮುಳ್ಳಿದ್ದವು. ಆ ಪುಟ ಬರೆದಾಗ ಅವಳಿನ್ನೂ ಡಾಕ್ಟರ ಹತ್ತಿರ ಹೋಗಿರಲಿಲ್ಲ. ಸ್ಲೇಟನ್ನು ನಿಧಾನವಾಗಿ ಒರೆಸಿ, ಒಂದೇ ಒಂದು ಪದ ಬರೆದು ಅವನ ಕಡೆ ತಿರುಗಿಸಿದಳು.

ಕೇಳಿಸಿತ್ತಾ?

ಅವನು ತಲೆಯಾಡಿಸಿದ. ಹೌದು. ಕೇಳಿಸಿತ್ತು. ಎಷ್ಟು ಚೆನ್ನಾಗಿ ಕೇಳಿಸಿತ್ತೆಂದರೆ ನಿಬ್ಬಿನಿಂದ ಅಳತೆ ಮಾಡಿ ಬರೆದಿದ್ದ. ಏನಾಯಿತು ಅತ್ತೆ ಎಂದು ಮಾತ್ರ ಕೇಳಿರಲಿಲ್ಲ.

ಅತ್ತೆ ಬೈಯಲಿಲ್ಲ. ಬೈಯಬೇಕಿದ್ದರೂ ಸ್ಲೇಟಿನಲ್ಲಿ ಬರೆದು ಬೈಯುವುದು ಎಂಥ ಬೈಗುಳ? ಕಿಟಕಿಯ ಕಡೆ ಮುಖ ಮಾಡಿ ಕೂತಳು. ಕೊರಳಿನ ಶಿಳ್ಳೆ ಸ್ವಲ್ಪ ಹೊತ್ತು ಜೋರಾಯಿತು, ಆಮೇಲೆ ಕಡಿಮೆಯಾಯಿತು. ಬಹಳ ಹೊತ್ತಿನ ಮೇಲೆ ತಿರುಗಿ ಪೆನ್ಸಿಲು ತೆಗೆದುಕೊಂಡು ಪ್ರತಿ ಪುಟದ ತಳದ ಚೌಕದ ಗುಳ್ಳೆಯಲ್ಲಿ ಎರಡೇ ಪದ ಬರೆದಳು. ಇಪ್ಪತ್ತೆಂಟು ವರ್ಷ ದಿನಕ್ಕೆ ನೂರು ಸಲ ಹೇಳಿದ ಪದಗಳು, ಅವಕ್ಕೆ ಯಾವ ನೆನಪೂ ಬೇಕಿರಲಿಲ್ಲ. ಹದಿನಾರು ಪುಟ, ಹದಿನಾರು ಸಲ, ಕಿತ್ತಳೆಯಂಥ ಅಕ್ಷರದಲ್ಲಿ, ಅಂಚು ದಾಟಿ: ನೆಲ ಬಂತು.

ಗೀಚಪ್ಪ ತನ್ನ ಮಾತುಗಳನ್ನೆಲ್ಲ ರಬ್ಬರಿನಿಂದ ಅಳಿಸಿದ. ಕಾಮಿಕ್ಸನ್ನು ಹಾಗೆಯೇ ಒಪ್ಪಿಸಿದ. ತೊಂಬತ್ತಾರು ಖಾಲಿ ಗುಳ್ಳೆ, ಹದಿನಾರು ತುಂಬಿದ್ದು. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವಿ ತಿರುವಿ, "ಮೌನವನ್ನ ಬಹಳ ಧೈರ್ಯವಾಗಿ ಬಳಸಿದ್ದೀರಿ. ಇದು ಹೊಳೆದಿದ್ದು ಹೇಗೆ?" ಎಂದರು. ಮೇಷ್ಟ್ರು ಅವನ ಮುಖ ನೋಡಿ, "ಸಾರ್, ಮುಂದಿನ ವಿದ್ಯಾರ್ಥಿ ಕಾಯ್ತಿದ್ದಾರೆ" ಎಂದು ಮಾತು ಹಾರಿಸಿದರು. ಮೊದಲ ದರ್ಜೆ ಬಂತು. ಆ ಕಾಗದವನ್ನು ಗೀಚಪ್ಪ ಅಮ್ಮನಿಗೆ ತೋರಿಸಿದ, ಅತ್ತೆಗೆ ತೋರಿಸಲಿಲ್ಲ.

ಈಗ ಅವನು ಪ್ರತಿ ಭಾನುವಾರ ಹೋಗುತ್ತಾನೆ. ಮೊದಮೊದಲು ದಪ್ಪ ನೋಟ್‌ಬುಕ್ ಒಯ್ದು, "ನಿಧಾನವಾಗೇ ಬರಿ ಅತ್ತೆ, ನಾನು ಕಾಯ್ತೀನಿ" ಎಂದ. ಆರು ಮಹಡಿಯ ಒಂದು ಕಥೆಯನ್ನು ಅವಳು ಮೂರು ಭಾನುವಾರ ಬರೆದಳು. ನಡುವೆ ಒಂದು ಕಡೆ ನಿಂತು, ಬರೆದಷ್ಟನ್ನೂ ಓದಿ, ಕೆಳಗೆ ಬರೆದಳು: ಬರೆದರೆ ನಗು ಬರಲ್ಲ ಕಣೋ. ಪುಸ್ತಕ ಮುಚ್ಚಿ ಅವನ ಚೀಲಕ್ಕೆ ತುರುಕಿದಳು. ಆ ಕಥೆ ಮೂರನೇ ಮಹಡಿಯಲ್ಲಿಯೇ ನಿಂತಿದೆ.

ಹಾಗಾಗಿ ಈಗ ಮಾತಾಡುವುದು ಅವನು. ಬೇರೆ ದಾರಿಯಿಲ್ಲ, ಅಷ್ಟು ಚಿಕ್ಕ ಕೋಣೆಯಲ್ಲಿ ಇಬ್ಬರೂ ಸುಮ್ಮನೆ ಕೂತರೆ ಅತ್ತೆಯ ಉಸಿರು ಬಹಳ ಕೇಳಿಸುತ್ತದೆ. ಹೋದ ವಾರ ಒಬ್ಬ ಗಿರಾಕಿಯ ಕಥೆ ಹೇಳಿದ. ಹಳೇ ಗೋಡೆಯ ಬಣ್ಣಕ್ಕೆ ಹೊಂದುವ ಬಣ್ಣ ಬೇಕೆಂದು ಗೋಡೆಯ ಒಂದು ಸಿಪ್ಪೆಯನ್ನು ಕಿತ್ತು ತಂದಿದ್ದ. ಅದು ಹೊಂದಲಿಲ್ಲವೆಂದು ಇನ್ನಷ್ಟು ದೊಡ್ಡ ಸಿಪ್ಪೆ ತಂದ. ಕೊನೆಗೆ ಹೊಂದಿಸಬೇಕಾದ ಗೋಡೆಯೇ ಉಳಿಯಲಿಲ್ಲ. ಗೀಚಪ್ಪ ಕೈ ಬೀಸಿ, ದನಿ ಬದಲಿಸಿ, ಗಿರಾಕಿಯ ಹಾಗೆ ಮೂಗೇರಿಸಿ ಹೇಳಿದ. ಅಂಗಡಿಯಲ್ಲಿ ಇದಕ್ಕೆ ಎಲ್ಲರೂ ನಕ್ಕಿದ್ದರು.

ಅತ್ತೆ ಪೂರ್ತಿ ಕೇಳಿದಳು. ಮಡಿಲಲ್ಲಿದ್ದ ಬಲಗೈ ಮೆಲ್ಲನೆ ಮೇಲೆ ಬಂತು. ಎರಡು ಬೆರಳು.

ಗೀಚಪ್ಪ ತಾನು ಕೂತಿದ್ದ ಸ್ಟೂಲನ್ನು ಹತ್ತಿರ ಎಳೆದುಕೊಂಡು, ಕಥೆಯನ್ನು ಮತ್ತೆ ಮೊದಲಿನಿಂದ ಶುರು ಮಾಡಿದ.